ಪುಕ್ಕಟೆ ವಕೀಲರನ್ನು ನಾನು ನಂಬಲಿಲ್ಲ

ಕೊರೊನಾ ಕಳೆದು ಶಾಲೆಗಳೆಲ್ಲ ಮತ್ತೆ ಪೂರಾ ಶುರುವಾಗಿದ್ದ ವರ್ಷ ಅದು. ಬಸವಕಲ್ಯಾಣದ ಒಂದು ಸರಕಾರಿ ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆ ಮಾಡುತ್ತೇನೆ. ಅವತ್ತು ಬೇಳೆಗೆ ಒಗ್ಗರಣೆ ಹಾಕುತ್ತಿದ್ದಾಗ ಹೆಡ್ ಮೇಡಂ ತಾವೇ ಅಡುಗೆ ಕೋಣೆಗೆ ಬಂದರು. "ಸುಜಾತಾ, ಗ್ಯಾಸ್ ಬಂದ್ ಮಾಡು. ನನ್ನ ಸಂಗಾಟ ಬಾ" ಅಂದರು. ಅವರು ಅಡುಗೆ ಕೋಣೆಗೆ ಬರುವವರಲ್ಲ. ಏನೋ ಆಗಿದೆ ಅಂತ ನನಗೆ ಆಗಲೇ ಗೊತ್ತಾಯಿತು.

ನನ್ನ ಗಂಡ ಮಿಲಿಂದ ಪೇಂಟರ್. ನಮ್ಮೂರಿನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜುಗಳು ಸಾಲಾಗಿ ಇವೆ. ಅಂಥ ಒಂದು ಗ್ಯಾರೇಜಿನಲ್ಲಿ ಆರು ವರ್ಷದಿಂದ ಲಾರಿಗಳಿಗೆ ಬಣ್ಣ ಹೊಡೆಯುವುದು, ಹೂಬಳ್ಳಿ ಬಿಡಿಸುವುದು, ಹೆಸರು ಬರೆಯುವುದು ಅವನ ಕೆಲಸ. ಅವನ ಅಣ್ಣ ಪ್ರಕಾಶ ಅಲ್ಲೇ ವೆಲ್ಡರ್ ಆಗಿದ್ದರು. ಅವರೇ ಮಿಲಿಂದನನ್ನು ಅಲ್ಲಿಗೆ ಸೇರಿಸಿದ್ದು. ಆ ದಿನ ಬೆಳಿಗ್ಗೆ ಒಂದು ಟಿಪ್ಪರಿನ ಬಾಡಿಯನ್ನು ಮೇಲಕ್ಕೆತ್ತಿ ನಿಲ್ಲಿಸಿದ್ದರು. ಮಿಲಿಂದ ಅದರ ಕೆಳಗೆ ಬಗ್ಗಿ ಬಣ್ಣ ಹೊಡೆಯುತ್ತಿದ್ದ. ಬಾಡಿ ಕುಸಿದು ಅವನ ಮೇಲೆ ಬಿತ್ತು. ದವಾಖಾನೆಗೆ ಒಯ್ಯುವ ಮೊದಲೇ ಜೀವ ಹೋಗಿತ್ತು.

ನಾನು ದವಾಖಾನೆಗೆ ಹೋದಾಗ ಗ್ಯಾರೇಜಿನ ಮಾಲಕ ಬಾಗಿಲ ಹತ್ತಿರ ನಿಂತು ಪೊಲೀಸರಿಗೆ ಹೇಳಿಕೆ ಕೊಡುತ್ತಿದ್ದ. "ಅವ ನಮ್ಮ ಕೆಲಸದವ ಅಲ್ರಿ. ಅಣ್ಣಗ ಭೆಟ್ಟಿ ಆಗ್ಲಿಕ್ಕಿ ಬಂದಿದ್ದ. ತಾನೇ ಗಾಡಿ ಕೆಳಗ ಹೋದ." ನಾನು ಭಾವನ ಮುಖ ನೋಡಿದೆ. ಅವರು ಮಾಲಕನ ಪಕ್ಕದಲ್ಲೇ ನಿಂತಿದ್ದರು. ತಲೆ ಕೆಳಗೆ ಹಾಕಿದರು, ಒಂದು ಮಾತೂ ಆಡಲಿಲ್ಲ. ನಾನು ಯಾರನ್ನೂ ನಂಬದಿರುವುದನ್ನು ಕಲಿತದ್ದು ಆ ಹೊತ್ತಿನಿಂದ.

ಐದನೇ ದಿನಕ್ಕೆ ಭಾವ ಮನೆಗೆ ಒಂದು ಕಾಗದ ತಂದರು. ಮನೆಯಲ್ಲಿ ಅತ್ತೆ, ನಾನು, ನಾಲ್ಕನೇ ತರಗತಿಯಲ್ಲಿದ್ದ ಮಗಳು ಮಿತ್ರಾ, ಮೂವರೇ ಇದ್ದೆವು. "ಇದಕ್ಕ ಸಹಿ ಮಾಡು ಸುಜಾತಾ. ಮಾಲಕ ಮಿತ್ರಾನ ಸಾಲಿ ಖರ್ಚ ನೋಡ್ಕೊಳ್ತಾನಂತ" ಅಂದರು.

ನಾನು ಏಳನೇ ತರಗತಿವರೆಗೆ ಕಲಿತವಳು. ನಿಧಾನವಾಗಿ ಓದುತ್ತೇನೆ. ಮೊದಲ ಹಾಳೆಯಲ್ಲಿ ನಾಲ್ಕು ಸಾಲು ಇತ್ತು, ನನ್ನ ಗಂಡ ಆ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿರಲಿಲ್ಲ ಅಂತ. ಎರಡನೇ ಹಾಳೆ ಸ್ಟಾಂಪ್ ಪೇಪರ್. ಅದು ಪೂರಾ ಖಾಲಿ.

"ಇದರಾಗ ಏನೂ ಬರದಿಲ್ಲಲ್ರಿ ಭಾವ?"

"ಆಮ್ಯಾಲ ಬರೀತಾರ."

"ಬರದ ಮ್ಯಾಲೇ ತರ್ರಿ."

ಭಾವ ಸಿಟ್ಟಿನಿಂದ ಎದ್ದು ಹೋದರು. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದರು. ಒಬ್ಬ ಮಗ ಸತ್ತಿದ್ದ, ಇನ್ನೊಬ್ಬ ಮಗ ಸೊಸೆಯ ಮೇಲೆ ಸಿಟ್ಟಾಗಿ ಹೋಗಿದ್ದ. ಅವರು ಯಾರ ಕಡೆ ಮಾತಾಡಬೇಕು?

ಮರುವಾರ ಹುಮನಾಬಾದ್ ಕಡೆಯಿಂದ ಒಬ್ಬ ಮನುಷ್ಯ ಮೋಟರ್ ಸೈಕಲ್ ಮೇಲೆ ಬಂದ. ಬಿಳಿ ಅಂಗಿ, ಕೈಯಲ್ಲಿ ಚರ್ಮದ ಚೀಲ. ನಮ್ಮ ಗುರುತೇ ಇಲ್ಲದವನು ಒಳಗೆ ಬಂದು ಕೂತು, ಚಹಾ ಕುಡಿದು, ಮಿಲಿಂದನ ಫೋಟೊ ನೋಡಿ ಕಣ್ಣು ಒರೆಸಿಕೊಂಡ. ಇಂಥ ಕೇಸುಗಳನ್ನು ತಾನು ಬಹಳ ಗೆಲ್ಲಿಸಿದ್ದೇನೆ, ಒಂದು ಪೈಸೆ ಮೊದಲು ಬೇಡ, ಬಂದದ್ದರಲ್ಲಿ ಅರ್ಧ ಕೊಟ್ಟರೆ ಸಾಕು ಅಂದ. ಗಂಡನ ಆಧಾರ್ ಕಾರ್ಡ್, ರೇಷನ್ ಕಾರ್ಡ್ ಎಲ್ಲ ಅಸಲೀ ಪ್ರತಿ ಕೇಳಿದ. ನನ್ನ ಗಂಡ ಸತ್ತದ್ದು ಇವನಿಗೆ ಹೇಳಿದ್ದು ಯಾರು ಅಂತ ಕೇಳಿದೆ. ಅವನು ನಕ್ಕು, "ನಮಗ ಎಲ್ಲಾ ಖಬರ್ ಬರ್ತದ್ರಿ" ಅಂದ. ಕಾಗದಪತ್ರ ಹುಡಗಿ ಊರಿನ ನನ್ನ ತವರುಮನೆಯಲ್ಲಿವೆ ಅಂತ ಸುಳ್ಳು ಹೇಳಿ ಕಳಿಸಿದೆ. ಅವನು ಮತ್ತೆ ಎರಡು ಸಲ ಬಂದ. ಎರಡೂ ಸಲ ನಾನು ಬಾಗಿಲು ತೆರೆಯಲಿಲ್ಲ.

ಹೆಡ್ ಮೇಡಂ ಮುಂದೆ ಇದನ್ನೆಲ್ಲ ಹೇಳಿದಾಗ ಅವರು ಒಂದು ದಾರಿ ತೋರಿಸಿದರು. ಕೋರ್ಟಿನಲ್ಲೇ ಉಚಿತ ಕಾನೂನು ನೆರವಿನ ಕೋಣೆ ಇದೆ, ಹೆಂಗಸರಿಗೆ ಸರಕಾರವೇ ವಕೀಲರನ್ನು ಕೊಡುತ್ತದೆ, ನೀನು ಏನೂ ಕೊಡಬೇಕಾಗಿಲ್ಲ ಅಂದರು. ಏನೂ ಕೊಡಬೇಕಾಗಿಲ್ಲ ಅನ್ನುವ ಮಾತು ಕೇಳಿಯೇ ನನಗೆ ಅನುಮಾನ ಬಂತು. ಅತ್ತೆಗೆ ಹೇಳಿದರೆ, "ದಾನಕ್ಕ ಕೊಟ್ಟ ಎಮ್ಮಿ ಹಲ್ಲ ನೋಡಬ್ಯಾಡ, ಹೋಗು" ಅಂದರು. ಹೋದೆ. ಅರ್ಜಿ ಬರೆದುಕೊಂಡರು. ಹದಿನೈದು ದಿನಕ್ಕೆ ಮಾಣಿಕರಾವ್ ಅನ್ನುವ ವಕೀಲರನ್ನು ನೇಮಿಸಿದರು.

ಮಾಣಿಕರಾವ್ ವಕೀಲರಿಗೆ ಐವತ್ತು ದಾಟಿತ್ತು. ಹಳೇ ಸ್ಕೂಟರು, ಕಂಕುಳಲ್ಲಿ ಬಣ್ಣ ಹೋದ ಕೋಟು. ಮಾತು ಬಹಳ ಕಡಿಮೆ. ಸಮಾಧಾನದ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಮೊದಲ ದಿನವೇ ಕೇಳಿದ್ದು, "ನಿಮ್ಮ ಮನ್ಯಾವರು ಕುಡೀತಿದ್ರೇನು?"

"ಇಲ್ರಿ."

"ಖರೆ ಹೇಳ್ರಿ. ಆಕಡಿ ವಕೀಲರು ಇದೇ ಕೇಳ್ತಾರ."

"ಇಲ್ಲಂದ್ನೆಲ್ರಿ" ಅಂದೆ. ನನ್ನ ದನಿ ಏರಿತ್ತು. ಅವರು ಬರೆದುಕೊಂಡರು, ಅಷ್ಟೇ.

ಒಂದು ದಿನ ಅವರೇ ನಮ್ಮ ಮನೆಗೆ ಬಂದರು. ಒಳಗೆ ಬರ್ರಿ ಅಂದರೆ ಬರಲಿಲ್ಲ. ಕಟ್ಟೆಯ ಹತ್ತಿರ ನಿಂತೇ ಮಾತಾಡಿದರು. ನೀರು ತಂದುಕೊಟ್ಟೆ. "ಬ್ಯಾಡ್ರಿ" ಅಂದರು. ನಾವು ಬೌದ್ಧರು. ಗೋಡೆಯ ಮೇಲಿನ ಬುದ್ಧನ ಫೋಟೊ ಬಾಗಿಲಿಂದಲೇ ಕಾಣುತ್ತದೆ. ನೀರು ಬೇಡ ಅನ್ನುವವರನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಆ ತಂಬಿಗೆಯನ್ನು ಒಳಗಿಡುವಾಗ ಎದೆ ಉರಿಯಿತು. ನಮ್ಮ ಮನೆಯ ನೀರು ಆಗದವರು ನಮ್ಮ ಸಲುವಾಗಿ ಹೊಡೆದಾಡುತ್ತಾರೆಯೇ?

ಅವರು ಕೇಳುತ್ತಾ ಹೋದರು. ಪಗಾರದ ಚೀಟಿ ಇದೆಯೇ? ಇಲ್ಲ, ಶನಿವಾರ ಕೈಯಲ್ಲೇ ಕೊಡುತ್ತಿದ್ದರು. ಹಾಜರಿ ಪುಸ್ತಕ? ಗೊತ್ತಿಲ್ಲ. ಬ್ಯಾಂಕಿಗೆ ಹಾಕುತ್ತಿದ್ದರೇ? ಇಲ್ಲ. ಗುರುತಿನ ಚೀಟಿ? ಇಲ್ಲ. ಪ್ರತಿಯೊಂದಕ್ಕೂ ಇಲ್ಲ ಅನ್ನುತ್ತ ನನಗೇ ನಾಚಿಕೆಯಾಯಿತು. ಆರು ವರ್ಷ ದುಡಿದ ಮನುಷ್ಯ ದುಡಿದನು ಅನ್ನಲು ಒಂದು ಚೂರು ಕಾಗದವಿಲ್ಲ.

ಕೊನೆಗೆ, "ಗಾಡಿ ಮ್ಯಾಲ ತಮ್ಮ ಹೆಸರ ಬರೀತಿದ್ರೇನು?" ಅಂದರು.

ಬರೆಯುತ್ತಿದ್ದ. ಹಿಂದಿನ ಹಲಗೆಯ ಕೆಳಗಿನ ಮೂಲೆಯಲ್ಲಿ, ಹುಡುಕಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ 'ಮಿಲಿಂದ ಪೇಂಟರ್' ಅಂತ, ಪಕ್ಕದಲ್ಲಿ ತಾರೀಖು. ದೊಡ್ಡದಾಗಿ ಬರೆದರೆ ಮಾಲಕ ಅಳಿಸಲು ಹೇಳುತ್ತಿದ್ದನಂತೆ. ಇದನ್ನು ಹೇಳಿದೆ. ವಕೀಲರು ಬರೆದುಕೊಂಡು ಸ್ಕೂಟರ್ ಏರಿ ಹೋದರು. ಯಾಕೆ ಕೇಳಿದರು ಅಂತ ಹೇಳಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಬರೀ ತಾರೀಖು. ಪ್ರತಿ ತಾರೀಖಿಗೆ ಶಾಲೆಯಿಂದ ರಜೆ ಕೇಳಿ ಹೋಗುತ್ತಿದ್ದೆ, ಹತ್ತು ನಿಮಿಷದಲ್ಲಿ ಮುಂದಿನ ತಾರೀಖು ಹೇಳುತ್ತಿದ್ದರು. ಒಂದು ಸಲ ಕೋರ್ಟಿನ ಹೊರಗೆ ಚಹಾದ ಅಂಗಡಿಯಲ್ಲಿ ನಮ್ಮ ವಕೀಲರು ಮತ್ತು ಮಾಲಕನ ವಕೀಲರು ಒಂದೇ ಬೆಂಚಿನ ಮೇಲೆ ಕೂತು ನಗುತ್ತಿದ್ದರು. ನನ್ನೊಂದಿಗೆ ಒಂದು ದಿನವೂ ನಗದ ಮನುಷ್ಯ! ಮನೆಗೆ ಬಂದು ಅತ್ತೆಗೆ ಹೇಳಿದೆ, "ಮಾರ್ಕೊಂಡಾರತ್ತಿ. ಇವರೂ ಮಾರ್ಕೊಂಡಾರ."

ಆಮೇಲೆ ರುಕ್ಮಿಣಿಯ ಮಾತು ಬಂತು. ರುಕ್ಮಿಣಿ ನನ್ನ ಜತೆ ಅಡುಗೆ ಮಾಡುವವಳು, ಅವಳ ಗಂಡ ಟೆಂಪೊ ಓಡಿಸುತ್ತಾನೆ. "ಸುಜಾತಾ, ಹುಮನಾಬಾದ್ ಹೊರಗ ಲಾರಿ ನಿಲ್ತಾವಲ್ಲ, ಅಲ್ಲಿ ನಿನ್ನ ವಕೀಲಗ ನೋಡ್ಯಾರಂತ ನಮ್ಮನ್ಯಾವರು. ಎರಡ ಐತವಾರ ಆತು. ಸಂಗಾಟ ನಿನ್ನ ಭಾವ ಇದ್ದನಂತ."

ವಕೀಲರು ಮತ್ತು ಭಾವ. ಖಾಲಿ ಸ್ಟಾಂಪ್ ಪೇಪರ್ ತಂದವರು ಮತ್ತು ನನ್ನ ಕೇಸು ಹಿಡಿದವರು, ಊರು ಬಿಟ್ಟು ಹೊರಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಇನ್ನು ತಿಳಿಯಲು ಏನೂ ಉಳಿದಿಲ್ಲ ಅನಿಸಿತು.

ಮುಂದಿನ ಐತವಾರ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬಸ್ ಹತ್ತಿದೆ. ಸಸ್ತಾಪುರ ಬಂಗಲೆ ದಾಟಿ ಹೆದ್ದಾರಿಗೆ ಬಸ್ಸು ತಿರುಗಿದಾಗಿನಿಂದ ಏನು ಬೈಯಬೇಕು ಅಂತ ಒಂದೊಂದೇ ಮಾತು ಜೋಡಿಸಿಕೊಳ್ಳುತ್ತ ಹೋದೆ. ಹುಮನಾಬಾದ್ ಬರುವ ಮೊದಲೇ ಇಳಿದೆ. ಧಾಬಾದ ಪಕ್ಕದ ಬಯಲಿನಲ್ಲಿ ಇಪ್ಪತ್ತು ಮೂವತ್ತು ಲಾರಿ ನಿಂತಿದ್ದವು. ಅವುಗಳ ನಡುವೆ ಮೊದಲು ಕಂಡದ್ದು ಭಾವ. ಕೈಯಲ್ಲಿ ಒಂದು ಚೀಟಿ ಹಿಡಿದು ಯಾವುದೋ ಲಾರಿಯ ನಂಬರ್ ನೋಡುತ್ತಿದ್ದರು. ನನ್ನನ್ನು ನೋಡಿ ಚೀಟಿಯನ್ನು ಕಿಸೆಗೆ ತುರುಕಿದರು.

"ಏನ್ರಿ ಅದು? ತೋರಿಸ್ರಿ" ಅಂದೆ.

ಭಾವ ಕಿಸೆಯ ಮೇಲೆ ಕೈ ಇಟ್ಟುಕೊಂಡು ಹಿಂದೆ ಸರಿದರು.

"ತಮ್ಮನ ಹೆಣದ ಮ್ಯಾಲ ಎಷ್ಟಕ್ಕ ಸೌದಾ ಆತು? ವಕೀಲಗೆಷ್ಟು, ನಿಮಗೆಷ್ಟು?"

ಚಹಾ ಕುಡಿಯುತ್ತಿದ್ದ ಡ್ರೈವರುಗಳು ತಿರುಗಿ ನೋಡಿದರು. ಆಗ ಪಕ್ಕದ ಲಾರಿಯ ಹಿಂದಿನಿಂದ ಮಾಣಿಕರಾವ್ ವಕೀಲರು ಎದ್ದು ಬಂದರು. ಎದ್ದು ಬಂದರು ಅಂದರೆ ನಿಜವಾಗಿ ನೆಲದಿಂದಲೇ ಎದ್ದು ಬಂದರು. ಬೆನ್ನಿಗೆ, ಮೊಣಕೈಗೆ ಮಣ್ಣು. ಕೈಯಲ್ಲಿ ಮೊಬೈಲು.

ನಾನು ಅವರನ್ನೂ ಬಿಡಲಿಲ್ಲ. "ನನಗ ನಿಮ್ಮ ವಕೀಲಿ ಬ್ಯಾಡ್ರಿ. ನಾಳೆನೇ ಅರ್ಜಿ ಕೊಡ್ತೀನಿ ಇವರಿಗೆ ತಗೀರಿ ಅಂತ."

ಅವರು ಅಂಗಿಯ ಮಣ್ಣು ಕೊಡವಿಕೊಂಡರು. "ಕೊಡ್ರಿ. ಅದು ನಿಮ್ಮ ಹಕ್ಕದ. ಆದ್ರ ಇವತ್ತ ಇನ್ನಾ ಮೂರು ಗಾಡಿ ಉಳದಾವ. ಅವು ಹೋಗಿಬಿಟ್ರ ಮತ್ತ ಸಿಗಂಗಿಲ್ಲ. ಅವಷ್ಟು ಮುಗಸ್ಕೊಳ್ತೀನಿ."

"ಏನ್ ಉಳದಾವ?"

"ಬರ್ರಿ, ನೋಡ್ರಿ."

ಲಾರಿಯ ಹಿಂದೆ ಕರೆದೊಯ್ದರು. ಹಲಗೆಯ ಕೆಳಗಿನ ಮೂಲೆಯಲ್ಲಿ, ಧೂಳಿನ ನಡುವೆ, ಆಗಷ್ಟೇ ಒದ್ದೆ ಬಟ್ಟೆಯಿಂದ ಒರೆಸಿದ ಅಂಗೈಯಗಲ ಜಾಗ. ಅಲ್ಲಿ ಹಳದಿ ಬಣ್ಣದಲ್ಲಿ 'ಮಿಲಿಂದ ಪೇಂಟರ್'. ಅವನ 'ದ' ಅಕ್ಷರದ ಬಾಲ ಯಾವಾಗಲೂ ಸ್ವಲ್ಪ ಉದ್ದ. ನಾನು ಅಲ್ಲೇ ಕೂತುಬಿಟ್ಟೆ.

ವಕೀಲರು ಪಕ್ಕದಲ್ಲಿ ನಿಂತು, ಕೋರ್ಟಿನಲ್ಲಿ ಹೇಳುವ ಹಾಗೆಯೇ ಹೇಳಿದರು. ಆ ಗ್ಯಾರೇಜಿನಲ್ಲಿ ಬಾಡಿ ಕಟ್ಟಿಸಿದ ಲಾರಿಗಳನ್ನು ಹುಡುಕಿ, ಮಿಲಿಂದನ ಹೆಸರು ಮತ್ತು ತಾರೀಖಿನ ಫೋಟೊ ತೆಗೆಯುವುದು. ಆ ಲಾರಿಯವರ ಹತ್ತಿರ ಗ್ಯಾರೇಜಿನ ಬಿಲ್ ಇದ್ದರೆ ಅದನ್ನೂ ಕೇಳುವುದು. ತಾರೀಖು ಕೂಡಿದರೆ ಅವನು ಅಲ್ಲೇ ಕೆಲಸಕ್ಕಿದ್ದ ಅನ್ನಲು ಅದೇ ಸಾಕ್ಷಿ. ಯಾವ ಲಾರಿ ಅಲ್ಲಿ ಕಟ್ಟಿದ್ದು, ಯಾವುದು ಈ ದಾರಿಯಲ್ಲಿ ಓಡುತ್ತದೆ ಅಂತ ವಕೀಲರು ಕೇಳಿಕೊಂಡ ಮೇಲೆ ಗುರುತಿಸಿಕೊಟ್ಟವರು ಭಾವ. ಕಿಸೆಯಲ್ಲಿದ್ದ ಚೀಟಿ ಲಾರಿ ನಂಬರುಗಳ ಪಟ್ಟಿ.

"ಮತ್ತ ನನಗ್ಯಾಕ ಹೇಳಲಿಲ್ರಿ?"

"ನಿಮಗ ಹೇಳಿದ್ರ ನೀವು ನಾಕು ಮಂದಿಗ ಹೇಳ್ತೀರಿ. ಮಾಲಕನ ಕಿವಿಗೆ ಬಿದ್ದ ದಿನ ಈ ಹೆಸರ ಮ್ಯಾಲೆಲ್ಲಾ ಬಣ್ಣ ಬೀಳ್ತದ. ಇವರ ಕೆಲಸಾನೂ ಹೋಗ್ತದ" ಅಂದರು, ಭಾವನ ಕಡೆ ತೋರಿಸಿ.

ಅಂದರೆ ಅವರೂ ನನ್ನನ್ನು ನಂಬಿರಲಿಲ್ಲ. ಅದು ಆಮೇಲೆ ಎಷ್ಟೋ ದಿನದ ಮೇಲೆ ನನಗೆ ಹೊಳೆಯಿತು.

ಅಷ್ಟಾದರೂ ನನ್ನ ಹೊಟ್ಟೆಯೊಳಗಿನ ಮುಳ್ಳು ಹೋಗಿರಲಿಲ್ಲ. ಕೇಳಿಯೇ ಬಿಟ್ಟೆ. "ನಮ್ಮ ಮನ್ಯಾಗ ನೀರ್ಯಾಕ ಕುಡಿಲಿಲ್ರಿ?"

ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಮುಖ ಬೇರೆಯಾಯಿತು. "ಪುಕ್ಕಟೆ ಕೇಸಿನವರ ಮನ್ಯಾಗ ನಾ ಏನೂ ಮುಟ್ಟಂಗಿಲ್ರಿ. ಚಹಾ ಕುಡದ್ರ, ವಕೀಲ ರೊಕ್ಕಾನೂ ಇಸ್ಕೊಂಡ ಅಂತಾರ ಮಂದಿ. ನಿಮಗ ಹಾಂಗ ಅನಸ್ತದಂತ ನನ್ನ ತಲ್ಯಾಗ ಬರಲಿಲ್ಲ. ಹೇಳಬೇಕಿತ್ತು." ಆಮೇಲೆ ಕೈ ಚಾಚಿ, "ಈಗ ಕೊಡ್ರಿ" ಅಂತ ನನ್ನ ಬಾಟಲಿ ಇಸಕೊಂಡು ಎತ್ತಿ ಕುಡಿದರು. ತುಟಿಗೆ ತಾಗಿಸಲಿಲ್ಲ. ಬಿಸಿಲಿನಲ್ಲಿ ಎಲ್ಲರೂ ಹಾಗೇ ಕುಡಿಯುತ್ತಾರೆ, ನಾನೂ ಹಾಗೇ ಕುಡಿಯುತ್ತೇನೆ. ಆದರೂ ನನ್ನ ಕಣ್ಣು ಅದನ್ನೂ ಗುರುತು ಹಾಕಿಕೊಂಡಿತು. ಅನುಮಾನ ಒಂದು ಸಲ ಒಳಗೆ ಹೊಕ್ಕರೆ ಹೀಗೇ.

ಉಳಿದ ಮೂರು ಲಾರಿಗಳನ್ನು ನಾನೇ ಒರೆಸಿದೆ.

ಮುಂದೆ ಕೋರ್ಟಿನಲ್ಲಿ ಆ ಫೋಟೊಗಳು ಹಾಜರಾದವು. ಮಾಲಕನ ವಕೀಲರು, ಪೇಂಟರ್ ಆದವನು ಎಲ್ಲಿ ಬೇಕಾದರೂ ಹೆಸರು ಬರೆಯಬಹುದು, ರಸ್ತೆಯಲ್ಲಿ ನಿಂತ ಲಾರಿಯ ಮೇಲೂ ಬರೆಯಬಹುದು ಅಂದರು. ಆಗ ಕೊಡಂಬಲದ ಒಬ್ಬ ಲಾರಿ ಮಾಲಕರು ಸಾಕ್ಷಿಗೆ ನಿಂತರು. ಅವರಿಗೂ ನಮಗೂ ಯಾವ ಸಂಬಂಧವೂ ಇರಲಿಲ್ಲ. "ಪೇಂಟಿಂಗ್ ರೊಕ್ಕ ನಾ ಪೇಂಟರಗ ಕೊಟ್ಟಿಲ್ರಿ. ಗ್ಯಾರೇಜಿನ ಬಿಲ್ಲಿನಾಗೇ ಅದ. ಗಾಡಿ ನೋಡ್ಲಿಕ್ಕಿ ಹ್ವಾದಾಗೆಲ್ಲಾ ಆ ಪೇಂಟರ್ ಅಲ್ಲೇ ಇರ್ತಿದ್ದ" ಅಂದು ಬಿಲ್ ತೋರಿಸಿದರು. ಬಿಲ್ಲಿನ ತಾರೀಖಿಗೂ ಮಿಲಿಂದ ಬರೆದ ತಾರೀಖಿಗೂ ಎರಡೇ ದಿನದ ಅಂತರ.

ಭಾವನ ಹೆಸರನ್ನು ವಕೀಲರು ಸಾಕ್ಷಿಗಳ ಪಟ್ಟಿಯಲ್ಲಿ ಹಾಕಿರಲಿಲ್ಲ. ಕೋರ್ಟಿಗೆ ಮಾತ್ರ ಬರುವುದಿಲ್ಲ ಅಂತ ಭಾವ ಮೊದಲೇ ಹೇಳಿದ್ದರಂತೆ. ಆದರೆ ಲಾರಿ ಮಾಲಕರ ಸಾಕ್ಷಿ ಮುಗಿದ ದಿನ ಅವರು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸಂಜೆ ವಕೀಲರ ಮನೆಗೆ ಹೋಗಿ, ನಾನೂ ಹೇಳುತ್ತೇನೆ ಅಂದರಂತೆ. ವಕೀಲರು ಅರ್ಜಿ ಹಾಕಿ ಕೋರ್ಟಿನ ಅನುಮತಿ ತೆಗೆದುಕೊಂಡರು. ಮುಂದಿನ ತಾರೀಖಿಗೆ ಭಾವ ಕಟಕಟೆಯಲ್ಲಿ ನಿಂತರು.

ಮಾಲಕನ ವಕೀಲರು, "ನೀವು ಸತ್ತವನ ಅಣ್ಣ, ಅದಕ್ಕೇ ಸುಳ್ಳು ಹೇಳ್ತಿದೀರಿ" ಅಂದರು.

"ಅಣ್ಣ ಇದ್ದೀನ್ರಿ. ಮೊದಲನೇ ದಿನಾನೇ ಹೇಳಬೇಕಿತ್ತು, ಮಾಲಕನ ಬಾಜುಕ ಸುಮ್ಕ ನಿಂತೆ. ಗಾಡಿ ಎತ್ತೋ ಜಾಕ್ ಖರಾಬ್ ಆಗ್ಯದ, ಕೆಳಗ ಯಾರಿಗೂ ಕಳಸಬ್ಯಾಡ್ರಿ ಅಂತ ನಾನೇ ಹೇಳಿದ್ದೆ. ಮಾಲಕ, ಸಂಜಿಗಿ ಗಾಡಿ ಕೊಡಬೇಕು ಅಂತ ಮಿಲಿಂದಗ ಕೆಳಗ ಕಳಸಿದ. ನನ್ನ ಕಣ್ಣ ಮುಂದ ಕಳಸಿದ."

ಕೋರ್ಟಿನಲ್ಲಿ ನಾನು ಈ ಮಾತು ಮೊದಲ ಸಲ ಕೇಳಿದೆ. ಜಾಕ್ ಕೆಟ್ಟದ್ದು ಭಾವನಿಗೆ ಗೊತ್ತಿತ್ತು. ಒಂದೂವರೆ ವರ್ಷ ಅದನ್ನು ಒಳಗೇ ಇಟ್ಟುಕೊಂಡು, ಖಾಲಿ ಸ್ಟಾಂಪ್ ಪೇಪರ್ ಕೂಡ ತಂದಿದ್ದರು. ಲಾರಿಗಳ ನಡುವೆ ನಾನು ಅವರ ಮೇಲೆ ಹೊರಿಸಿದ ಅಪವಾದ ಸುಳ್ಳು. ಆದರೆ ನನ್ನ ಅನುಮಾನ ಪೂರಾ ಸುಳ್ಳಾಗಿರಲಿಲ್ಲ. ಕಟಕಟೆ ಇಳಿದು ಬಂದಾಗ ಅವರು ನನ್ನ ಮುಂದೆ ಒಂದು ಗಳಿಗೆ ನಿಂತರು. ನಾನು ಬಾಗಿಲ ಕಡೆ ನೋಡಿದೆ. ಅವರು ಹೊರಗೆ ಹೋದರು. ಅವತ್ತೇ ಅವರ ಕೆಲಸ ಹೋಯಿತು. ಈಗ ಹುಮನಾಬಾದಿನಲ್ಲಿ ಕಿಟಕಿ, ಗೇಟು ಮಾಡುವ ಒಂದು ಅಂಗಡಿಯಲ್ಲಿ ವೆಲ್ಡಿಂಗ್ ಮಾಡುತ್ತಾರೆ. ತಿಂಗಳಿಗೊಮ್ಮೆ ಬಂದು ಅತ್ತೆಯನ್ನು ನೋಡಿ ಹೋಗುತ್ತಾರೆ. ಊಟಕ್ಕೆ ಬಡಿಸುತ್ತೇನೆ. ಅದಕ್ಕಿಂತ ಹೆಚ್ಚು ನನ್ನಿಂದ ಇನ್ನೂ ಆಗಿಲ್ಲ.

ಕೇಸು ನಮ್ಮ ಕಡೆ ಆಯಿತು. ಪರಿಹಾರದ ದೊಡ್ಡ ಪಾಲನ್ನು ಮಗಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡಲು ಕೋರ್ಟು ಹೇಳಿತು. ಆದೇಶದ ಪ್ರತಿ ಕೈಗೆ ಬಂದ ದಿನ ವಕೀಲರು ಅದರಲ್ಲಿ ಒಂದು ಸಾಲು ಓದಿ ಹೇಳಿದರು: ಮೃತ ಮಿಲಿಂದ ಸದರಿ ಗ್ಯಾರೇಜಿನ ಕೆಲಸಗಾರನಾಗಿದ್ದು, ಕೆಲಸದ ವೇಳೆಯಲ್ಲಿ ಮರಣ ಹೊಂದಿದ್ದು ರುಜುವಾತಾಗಿದೆ. ಓದಿ ಕಾಗದ ನನ್ನ ಕೈಗೆ ಕೊಟ್ಟು, "ನಾ ಓದಿದ್ದು ನಂಬಬ್ಯಾಡ್ರಿ ಸುಜಾತಾಬಾಯಿ. ಬ್ಯಾರೆ ಯಾರ ಕಡಿಂದಾದ್ರೂ ಓದಸ್ರಿ" ಅಂದರು. ಅವರು ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ನಾನು ನಿಜವಾಗಿಯೂ ಹೆಡ್ ಮೇಡಂ ಕಡೆಯಿಂದ ಓದಿಸಿದೆ. ಅದೇ ಸಾಲು ಇತ್ತು. ಅವರ ಮುಂದೆ ಅಳಲಿಲ್ಲ. ಅಡುಗೆ ಕೋಣೆಗೆ ಹೋಗಿ ಅಕ್ಕಿ ತೊಳೆಯುತ್ತ ಕಣ್ಣೀರು ಹಾಕಿದೆ.

ಈ ಅನುಭವದಿಂದ ಎಲ್ಲರನ್ನೂ ನಂಬಬೇಕು ಅಂತ ನಾನು ಕಲಿತೆ ಅಂದರೆ ಅದು ಸುಳ್ಳು. ಅನುಮಾನ ಇಲ್ಲದಿದ್ದರೆ ಐದನೇ ದಿನವೇ ಆ ಖಾಲಿ ಕಾಗದಕ್ಕೆ ಸಹಿ ಹಾಕಿರುತ್ತಿದ್ದೆ. ಅದೇ ಅನುಮಾನದಿಂದಲೇ ಮಣ್ಣಿನಲ್ಲಿ ಮಲಗಿ ನನ್ನ ಗಂಡನ ಹೆಸರು ಹುಡುಕುತ್ತಿದ್ದವರನ್ನು ಹತ್ತು ಮಂದಿಯ ಮುಂದೆ ಕಳ್ಳರ ಹಾಗೆ ಬೈದೆ. ಎರಡೂ ನಾನೇ. ವಕೀಲರ ಕ್ಷಮೆ ಕೇಳಿದ್ದೇನೆ. ಅವರು, "ಇರ್ಲಿ ಬಿಡ್ರಿ, ಮುಂದಿನ ಕೇಸ್ ಅದ" ಅಂತ ಹೋಗಿಬಿಟ್ಟರು.

ಹೋದ ಚಳಿಗಾಲದಲ್ಲಿ ಹೆಡ್ ಮೇಡಂ ಅವರ ಪರಿಚಯದವರ ಮಾತಿನ ಮೇಲೆ ಬೇಮಳಖೇಡದ ಒಬ್ಬ ಹೆಂಗಸಿನ ಜತೆ ಹುಮನಾಬಾದ್ ಕೋರ್ಟಿಗೆ ಹೋಗಿದ್ದೆ. ಅವಳ ಗಂಡ ಕಟ್ಟಡದ ಕೆಲಸ ಮಾಡುವಾಗ ಮೇಲಿಂದ ಬಿದ್ದು ಸತ್ತಿದ್ದ. ಇಪ್ಪತ್ತೈದರ ವಯಸ್ಸು ಇರಬಹುದು. ಕಾಗದಪತ್ರದ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತದ್ದೇ ಚೀಲವನ್ನು ಆಚೆ ಬದಿಗೆ ಸರಿಸಿದಳು.

"ನೀವು ಯಾರ ಕಡಿಯವರ್ರಿ? ನಿಮಗ ಯಾರು ಕಳಸ್ಯಾರ?" ಅಂದಳು.

ಹೇಳಿದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. "ಚೀಲ ನನಗ ಕೊಡಬ್ಯಾಡವ್ವಾ. ಯಾರಿಗೂ ಕೊಡಬ್ಯಾಡ. ವಕೀಲರು ಕೇಳಿದ ಕಾಗದ ಅಷ್ಟೇ ತೋರಿಸು, ಅದೂ ಝೆರಾಕ್ಸ್. ತಿಳೀಲಿಲ್ಲ ಅಂದ್ರ ಮತ್ತ ಮತ್ತ ಕೇಳು" ಅಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅದನ್ನು ನೋಡಿ ನನಗೆ ಸಮಾಧಾನವಾಯಿತು.